ಹಳದಿ ಅಂಗಿಯ ಸಾಕ್ಷಿದಾರ

ಕಳೆದ ವಾರ ಮನೆಗೊಂದು ಪಾರ್ಸೆಲ್ ಬಂತು. ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿದ್ದೇ ತಡ, ಸೀಮೆಎಣ್ಣೆ, ಹೊಸ ಟೈರು, ಡಾಂಬರು ಗುಳಿಗೆ ಮೂರನ್ನೂ ಕಲಸಿ ಬಿಸಿಲಿಗಿಟ್ಟಂಥ ವಾಸನೆ ಅಡುಗೆಮನೆಯವರೆಗೂ ಹೋಯಿತು. ಒಳಗಿನಿಂದ ಹೆಂಡತಿ, "ಮತ್ತ ತರಿಸಿದ್ರ್ಯಾ ಆ ಸೈಕಲ್ ಚಡ್ಡಿ?" ಎಂದಳು. ಚಡ್ಡಿಯಲ್ಲ, ಕೈಗವಸು ಎಂದೆ. "ಯಾವದರೆ ಆಗ್ಲಿ, ಹಿತ್ತಲದಾಗ ಇಡ್ರಿ. ಮನಿಯಾಗ ಮನಷ್ಯಾರ ಅದೀವಿ."

ಸೈಕಲ್ ಬಟ್ಟೆಯ ವಿಷಯದಲ್ಲಿ ನನ್ನ ಚರಿತ್ರೆ ಹೇಳಿಕೊಳ್ಳುವಂಥದ್ದಲ್ಲ. ಮೊದಲ ಒಗೆತಕ್ಕೇ ಗೊಂಬೆಯ ಅಳತೆಗೆ ಕುಗ್ಗಿದ ಅಂಗಿ, ಸೈಕಲ್ ಹತ್ತಿದ ಮೇಲೆ ತಾನೇ ಜಾಗ ಬದಲಿಸಿ ಸೊಂಟದ ಪಕ್ಕದಲ್ಲಿ ಗಡ್ಡೆಯ ಹಾಗೆ ಎದ್ದು ನಿಲ್ಲುವ ಸ್ಪಂಜಿನ ಚಡ್ಡಿ, ಮಳೆ ತಡೆಯುತ್ತದೆಂದು ಕೊಂಡರೆ ಒಳಗಿನ ಬೆವರನ್ನಷ್ಟೇ ಭದ್ರವಾಗಿ ತಡೆದ ಜಾಕೀಟು... ಒಮ್ಮೆ ಒಳ್ಳೆಯದನ್ನೇ ಕೊಳ್ಳಬಾರದೇ ಎಂದು ನೀವು ಕೇಳಬಹುದು. ಕೊಂಡ ಮರುದಿನವೇ ಸೈಕಲ್ ಕಳುವಾದರೆ? ಮೊಣಕಾಲು ಕೈಕೊಟ್ಟರೆ? ಹೊಟ್ಟೆ ಕರಗಿ ಅಳತೆ ತಪ್ಪಿದರೆ? ಈ ಕೊನೆಯ ಭಯ ಇವತ್ತಿನವರೆಗೂ ನಿಜವಾಗಿಲ್ಲ, ಆದರೆ ಭಯ ಭಯವೇ. ನಾನು ನಿಪ್ಪಾಣಿಯಲ್ಲಿ ವಿಮೆ ಮಾರುವವನು. ಮಂದಿಗೆ ಬರಬಹುದಾದ ಆಪತ್ತುಗಳನ್ನು ಬಣ್ಣಿಸುತ್ತಲೇ ಹೊಟ್ಟೆ ಹೊರೆದವನಿಗೆ ತನ್ನ ಪಾಲಿನವು ಕಾಣದೇ ಇರುತ್ತವೆಯೇ?

ಕೈಗವಸನ್ನು ಹಿತ್ತಲಿನ ತಂತಿಗೆ ಹಾಕಿ ಬಂದೆ. ವಾಸನೆ ಮಾತ್ರ ಬೆರಳಲ್ಲಿ ಉಳಿಯಿತು. ಅದರ ಹಿಂದೆಯೇ ಕಂಡಕ್ಟರ್ ಮಾಮಾ ನೆನಪಾದರು... ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ.

ಮಾಮಾ ನಮ್ಮ ಓಣಿಯವರು, ನನಗೆ ಸಂಬಂಧಿಕರೇನೂ ಅಲ್ಲ. ಬಸ್ಸಿನಲ್ಲಿ ನಿಂತೇ ಆಯುಷ್ಯ ಕಳೆದವರು, ನಿವೃತ್ತಿಯಾದ ಮೇಲೂ ಕೂರುವುದು ಅವರಿಗೆ ಒಗ್ಗಿರಲಿಲ್ಲ. ನನಗೆ ಶುಗರ್ ಬಂದಿದೆ, ಡಾಕ್ಟರು ಸೈಕಲ್ ಹೊಡೆಯಲು ಹೇಳಿದ್ದಾರೆ ಎಂದು ಗೊತ್ತಾದದ್ದೇ ತಮ್ಮ ಹಳೆಯ ಸೈಕಲ್ ಒರೆಸಿ ನಮ್ಮ ಬಾಗಿಲಿಗೆ ಬಂದು ನಿಂತರು. "ಬರ್ರಿ ಏಜಂಟಸಾಹೇಬ್ರ, ಗಾಡಿ ಬಿಡತೈತಿ. ಬಾಕಿ ಪ್ಯಾಸೆಂಜರ್‌ಗೋಳ ಹಾದಿ ನಾ ಕಾಯಾಂಗಿಲ್ಲ."

ಪ್ರತಿ ರವಿವಾರ ನಮ್ಮ ಸವಾರಿ ಭೋಜದ ರಸ್ತೆಗೆ. ಎರಡೂ ಬದಿಗೆ ಕಬ್ಬು, ನಡುವೆ ಮಾಮಾನ ಮಾತು. ಆದರೆ ಭೋಜದ ಸ್ವಾಗತ ಕಮಾನು ಕಂಡದ್ದೇ ಮಾತು ನಿಲ್ಲುತ್ತಿತ್ತು. ಅದರ ಬುಡಕ್ಕೆ ಬಂದು, ಬಸ್ಸಿನಲ್ಲಿ ಕೂಗುವ ಹಾಗೆಯೇ "ಹೋಲ್ಡಾನ್!" ಎಂದು ಕೂಗಿ, ಸೈಕಲ್ ತಿರುಗಿಸುತ್ತಿದ್ದರು. ಒಂದು ಸುತ್ತು ಊರೊಳಗೆ ಹೋಗಿ ಬರೋಣ ಎಂದರೆ ಗಾಳಿ ಎದುರಾಗಿದೆ ಎನ್ನುತ್ತಿದ್ದರು. ಗಾಳಿ ಬೆನ್ನಿಗಿದ್ದ ದಿನವೂ ಅದೇ ಮಾತು.

ಕಾರಣ ಬಾಯಿಬಿಡಲು ಅವರಿಗೆ ಬಹಳ ದಿನ ಹಿಡಿಯಿತು. ಕಮಾನು ದಾಟಿದರೆ ಮೊದಲನೆಯ ಮನೆಯೇ ಅವರ ತಂಗಿಯದು. ಒಬ್ಬಳೇ ತಂಗಿ. ಅಣ್ಣನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಆಕೆ ಮೊದಲಿನಿಂದಲೂ ಅಂದುಕೊಂಡು ಬಂದಿದ್ದರು. ಮಾಮಾ ಮಗಳನ್ನು ಅಥಣಿ ಕಡೆ ಕೊಟ್ಟರು. ಮದುವೆಯ ಚಪ್ಪರದಲ್ಲೇ ಮಾತಿಗೆ ಮಾತು ಬೆಳೆಯಿತು, ಇಬ್ಬರೂ ಭಂಡಾರ ಎತ್ತಿದರು. ಭಂಡಾರವೆಂದರೆ ದೇವರ ಮೇಲೆ ತೂರುವ ಅರಿಷಿಣದ ಪುಡಿ. ಕೋರ್ಟಿನಲ್ಲಿ ಸುಳ್ಳು ಹೇಳುವವರು ನಮ್ಮ ಕಡೆ ಇದ್ದಾರೆ, ಅದನ್ನು ಕೈಯಲ್ಲಿ ಹಿಡಿದು ಆಡಿದ ಮಾತಿಗೆ ತಪ್ಪುವವರಿಲ್ಲ. ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಅಣ್ಣ, ನಿನಗೆ ಗುಟುಕು ನೀರು ಕೊಡುವುದಿಲ್ಲ ಎಂದು ತಂಗಿ. ಆಮೇಲೆ ಆ ಹುಡುಗನಿಗೂ ಬೇರೆ ಹುಡುಗಿ ಸಿಕ್ಕಳು, ಎರಡೂ ಕಡೆ ಮಕ್ಕಳಾದವು, ಜಗಳಕ್ಕೆ ಕಾರಣವೇ ಉಳಿಯಲಿಲ್ಲ. ಆಣೆ ಉಳಿಯಿತು.

ಅದನ್ನು ಇಳಿಸಿಕೊಳ್ಳುವ ದಾರಿ ಇತ್ತು. ಅಮಾವಾಸ್ಯೆಗೆ ದೇವರ ಮುಂದೆ ಹೋಗಿ ತಪ್ಪಾಯಿತೆಂದು ಅಡ್ಡಬಿದ್ದರೆ ಪೂಜಾರಿ ಮೈತುಂಬ ಭಂಡಾರ ಸುರಿದು ಬಿಡುಗಡೆ ಮಾಡುತ್ತಾನೆ. "ಮತ್ತ ಹೋಗ್ರಲಾ ಮಾಮಾ," ಎಂದೆ. "ಮೊದಲ ಎತ್ತಿದಾಕಿ ಆಕಿ. ಮೊದಲ ಆಕಿ ಇಳಿಸ್ಕೊಳ್ಲಿ," ಎಂದರು. ಹಾಗೆಂದು ಮುಂದಿನ ರವಿವಾರ ಮತ್ತೆ ಕಮಾನಿನ ತನಕ ಬಂದರು.

ಇದೇ ಹೊತ್ತಿಗೆ ನನಗೆ ಲಾರಿಗಳ ಚಿಂತೆ ಹತ್ತಿತು. ದೂರದಿಂದಲೇ ಎದ್ದು ಕಾಣುವ ಬಣ್ಣದ ಅಂಗಿ ಇದ್ದರೆ ಡ್ರೈವರುಗಳು ನಮ್ಮನ್ನು ನೋಡಿಯಾದರೂ ಹಾಯಿಸಬಹುದೆಂದು ಗುರುವಾರದ ಸಂತೆಗೆ ಮಾಮಾನನ್ನು ಎಳೆದೊಯ್ದೆ. ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ಸೈಕಲ್ ಬಟ್ಟೆಗಳ ರಾಶಿ ಹಾಕಿಕೊಂಡು ಒಬ್ಬ ಕೂತಿದ್ದ. "ಎಕ್ಸ್‌ಪೋರ್ಟ್ ಮಾಲ್ ಐತ್ರಿ ಸರ್. ಫಾರೆನ್ನಾಗ ಇದನ್ನ ಹಾಕ್ಕೊಂಡ ಗುಡ್ಡಾ ಹತ್ತತಾರ."

"ನಾವ ಕಮಾನ ಮಟಾ ಹೋಗಾವ್ರಪಾ," ಎಂದರು ಮಾಮಾ. ಹಳದಿ ಅಂಗಿಯೊಂದನ್ನು ತಿರುಗಿಸಿ ನೋಡಿ, "ಅಲೆಲೇ, ಕಿಸೆ ಬೆನ್ನಾಗ ಐತಲ್ಲೋ! ಕಂಡಕ್ಟರಗ ಇದನ್ನ ಕೊಟ್ಟಿದ್ರ ದಿನದ ಕಲೆಕ್ಷನ್ ಕಳ್ಳರ ಪಾಲ ಆಗತಿತ್ತ."

"ಬಣ್ಣ ಬಿಡೂದಿಲ್ಲಲಾ?" ಎಂದು ನಾನು ಕೇಳಿದೆ.

"ಬಿಟ್ರ ನನ್ನ ಹೆಸರ ಬದಲ ಮಾಡ್ರಿ."

ಅವನ ಹೆಸರೇನೆಂದು ನಾವು ಕೇಳಿಯೇ ಇರಲಿಲ್ಲ ಎಂಬುದು ಬಹಳ ತಡವಾಗಿ ಹೊಳೆಯಿತು.

ಎರಡು ಹಳದಿ ಅಂಗಿ, ಎರಡು ಸ್ಪಂಜಿನ ಚಡ್ಡಿ ತಂದೆವು. ಈ ಕೈಗವಸಿನದೇ ವಾಸನೆ ಅವಕ್ಕೂ. ಬರೀ ಚಡ್ಡಿಯಲ್ಲಿ ಓಣಿ ದಾಟಲು ನಾಚಿಕೆಯೆಂದು ಮಾಮಾ ಅದರ ಮೇಲೆ ತಮ್ಮ ಹಳೆಯ ಖಾಕಿ ಪ್ಯಾಂಟು ಏರಿಸಿದರು. ಮುಂದಿನ ರವಿವಾರ ಹೊರಟೆವು. ನಾವು ಕಮಾನಿನ ಹತ್ತಿರ ಬರುವುದಕ್ಕೂ ಮುಂಗಾರಿನ ಮಿರಗದ ಮಳೆ ದಬದಬ ಸುರಿಯುವುದಕ್ಕೂ ಸರಿಹೋಯಿತು. ಆಸರೆಗೆ ಇದ್ದದ್ದು ಒಂದು ಬೇವಿನ ಗಿಡ. ಮಾಮಾ ತಂಗಿಯ ಮನೆಯ ಕಡೆ ಬೆನ್ನು ಮಾಡಿ ಅದರ ಕೆಳಗೆ ನಿಂತರು. ನಾನು ಸಿಡಿಲು ಮರಕ್ಕೇ ಹೊಡೆಯುತ್ತದೆಂಬ ಮಾತು ನೆನೆದು ಗಿಡದಿಂದ ಮಾರು ದೂರ ನಿಂತು ತೊಯ್ದೆ.

ಅಂಗಳದಲ್ಲಿ ಒಣಹಾಕಿದ್ದ ಸಗಣಿ ಕುಳ್ಳು ಒಳಗೆ ಸಾಗಿಸಲು ತಲೆಯ ಮೇಲೆ ಗೋಣಿಚೀಲ ಹೊದ್ದ ಹೆಂಗಸೊಬ್ಬರು ಬುಟ್ಟಿ ಹಿಡಿದು ಹೊರಗೆ ಬಂದರು. ನಮ್ಮ ಕಡೆ ನೋಡಿದರು. ನಿಂತರು. ಬುಟ್ಟಿ ಕೆಳಗಿಟ್ಟು ಬೇಲಿಯ ತನಕ ನಡೆದು ಬಂದರು.

"ದಾದಾ... ಆಣಿ ಇಳಿಸ್ಕೊಂಡ ಬಂದ್ಯಾ?"

ಆಗ ನಾನು ಮಾಮಾನನ್ನು ನೋಡಿದೆ. ಕೊರಳು ಹಳದಿ, ಮೊಣಕೈ ಹಳದಿ, ಒರೆಸಿಕೊಳ್ಳಲು ಹೋಗಿ ಮುಖ ಹಳದಿ, ಬಿಳಿ ಮೀಸೆಯೂ ಹಳದಿ. ಭಂಡಾರದಲ್ಲಿ ಹೊರಳಿಸಿ ತೆಗೆದ ಹಾಗಿದ್ದರು. ಮಾಮಾ ತಮ್ಮ ಅಂಗೈ ನೋಡಿಕೊಂಡರು. ತಂಗಿಯ ಮುಖ ನೋಡಿದರು. "ಹೂಂ" ಎಂದರು.

ಆಕೆ ನನ್ನ ಕಡೆ ತಿರುಗಿದರು. ನಾನೂ ಅದೇ ಬಣ್ಣದಲ್ಲಿದ್ದೆನಲ್ಲ. "ಇವರೂ ಬಂದಿದ್ರ ಸಾಕ್ಷಿಗೆ?"

ಅಲ್ಲವೆಂದರೆ ಇಷ್ಟು ವರ್ಷಕ್ಕೆ ತೆರೆದ ಬಾಗಿಲು ಮುಚ್ಚುತ್ತದೆ. ಹೌದೆಂದರೆ ದೇವರ ಹೆಸರಿನಲ್ಲಿ ಸುಳ್ಳು ಸಾಕ್ಷಿ, ಅದರಿಂದಾಗುವ ಹಾನಿಗೆ ಯಾವ ಪಾಲಿಸಿಯೂ ಇಲ್ಲ. ನಾನು ಇನ್ನೂ ಲೆಕ್ಕ ಹಾಕುತ್ತಿರುವಾಗಲೇ ಗೋಣು ತಾನಾಗಿಯೇ ಹೌದೆಂದು ಆಡಿಬಿಟ್ಟಿತ್ತು.

ಆಕೆ ಅಣ್ಣನ ಕೈ ಹಿಡಿದು ಕರೆದೊಯ್ದರು. ಹೊಸ್ತಿಲ ಹೊರಗೆ ಕಾಲಿಗೆ ನೀರು ಹಾಕಿದರು, ಹಳದಿ ನೀರು ಅಂಗಳಕ್ಕೆ ಹರಿಯಿತು. ಆಮೇಲೆ ತಂಬಿಗೆ ಕೊಟ್ಟು, "ನೀರ ಕುಡಿ," ಎಂದರು. ಮಾಮಾ ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಗಟಗಟ ಕುಡಿದರು. ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವರು ಒಳಗೆ ಬಂದು ಹಗ್ಗ ಹೆಣೆದ ಹೊರಸಿನ ಮೇಲೆ ಕೂತರು, ಖಾಕಿ ಪ್ಯಾಂಟಿನೊಳಗಿನ ಸ್ಪಂಜು ಕುಡಿದಿದ್ದ ಮಳೆಯನ್ನೆಲ್ಲ "ಪಚಕ್" ಎಂದು ಕಾರಿತು. ಮಾಮಾ ಅಲ್ಲಾಡದೆ ಕೂತರು. ತಂಗಿ ಗೋಡೆಯ ಕಡೆ ಮುಖ ಮಾಡಿದರು. ಅವರ ಭುಜ ಕುಲುಕುತ್ತಿದ್ದವು. ಪಾಪ, ಅಳುತ್ತಿದ್ದಾರೆ ಅಂದುಕೊಂಡೆ.

ಮರಳುವಾಗ ಮಾಮಾ, "ಏಜಂಟಸಾಹೇಬ್ರ, ಸುಳ್ಳ ನಾ ಹೇಳಿದ್ನೋ, ಅಂಗಿ ಹೇಳ್ತೋ?" ಎಂದರು. ಇಬ್ಬರಿಗೂ ಅರ್ಧರ್ಧ ಪಾಲು ಎಂದೆ. ಅವರು ನಗಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಹೆಂಡತಿ ನನ್ನ ಅಂಗೈ ನೋಡಿ, "ಕಾಮಣಿ ಆಗೇತಿ!" ಎಂದು ಚೀರಿದಳು. ಅದು ಕಾಮಾಲೆಯಲ್ಲ, ಅಂಗಿಯ ಬಣ್ಣವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ರಕ್ತ ಪರೀಕ್ಷೆ ಮಾಡಿಸಿ ಬಂದೆ.

ಅಂದಿನಿಂದ ಪ್ರತಿ ರವಿವಾರ ಕಮಾನು ದಾಟಿದೆವು. ಆದರೆ ಮಾಮಾ ಆ ಮನೆಯಲ್ಲಿ ನೆಮ್ಮದಿಯಾಗಿ ಕೂತದ್ದನ್ನು ನಾನು ನೋಡಲಿಲ್ಲ. ಚಹಾ ಬರುತ್ತಿತ್ತು. ತಂಗಿ ಎದುರಿಗೆ ಕೂತು, "ಯಾವ ಅಮಾಸಿಗೆ ಹೋಗಿದ್ದಿ ದಾದಾ? ಪೂಜಾರಿ ಏನಂದಾ?" ಎಂದು ಶುರು ಮಾಡುತ್ತಿದ್ದರು. ಅರ್ಧ ಕಪ್ಪು ಅಲ್ಲೇ ಇಟ್ಟು ಮಾಮಾ ಏಳುತ್ತಿದ್ದರು. "ರೈಟ್, ಹೊಂಡೂಣು. ಬಿಸಲ ಏರತೈತಿ." ಆಕೆ ನನ್ನತ್ತ ತಿರುಗಿ, "ಸಾಕ್ಷಿದಾರ್ರ, ನೀವರೆ ಹೇಳ್ರಿ," ಎನ್ನುತ್ತಿದ್ದರು. ನಾನು ಬಸಿಗೆ ಸುರಿದ ಚಹಾವನ್ನು ಬಿಸಿಬಿಸಿಯಾಗಿಯೇ ಗುಟುಕರಿಸಿ ಏಳುತ್ತಿದ್ದೆ.

"ಒಮ್ಮೆ ಖರೇನ ಹೋಗಿ ಇಳಿಸ್ಕೊಂಡ ಬಂದಬಿಡೂಣು ಮಾಮಾ, ಸುಳ್ಳ ಖರೇ ಆಗತೈತಿ," ಎಂದು ನಾನು ದುಂಬಾಲು ಬಿದ್ದೆ. "ಬರೂ ಅಮಾಸಿಗೆ," ಎನ್ನುತ್ತಿದ್ದರು. ಅಮಾವಾಸ್ಯೆ ಬಂದರೆ, "ಅಲ್ಲಿ ಭೋಜದವ್ರ ಯಾರರೆ ನೋಡಿದ್ರ? ನಿಮ್ಮಣ್ಣ ಮತ್ತ್ಯಾಕ ಬಂದಿದ್ದಾ ಅಂತ ಆಕಿಗೆ ಹೇಳಿದ್ರ?" ಬಸ್ಸಿನಲ್ಲಿ ಜಗಳಗಂಟ ಪ್ರಯಾಣಿಕರನ್ನು ಕಣ್ಣಲ್ಲೇ ಇಳಿಸುತ್ತಿದ್ದ ಮನುಷ್ಯ ಹೀಗಾದರಲ್ಲ ಎಂದು ನನಗೆ ಕಳವಳ. ಚಿಂತೆ ಅಂಟುರೋಗ, ನನ್ನ ಜೋಡಿ ಸೈಕಲ್ ಹೊಡೆದು ಹತ್ತಿಸಿಕೊಂಡಿದ್ದರು.

ಕಬ್ಬಿನ ಟ್ರಾಕ್ಟರುಗಳು ಓಡಾಡುವ ಚಳಿಗಾಲದ ಒಂದು ಬೆಳಿಗ್ಗೆ ಮಾಮಾ ಬಾಗಿಲಿಗೆ ಬರಲಿಲ್ಲ. ನಾನೇ ಹೋದೆ. ಮನೆಯ ಮುಂದೆ ಆಗಲೇ ಮಂದಿ ಕೂಡಿದ್ದರು... ಎದೆ ನಿದ್ದೆಯಲ್ಲೇ ನಿಂತಿತ್ತಂತೆ. ಅದಾದ ಮೇಲೆ ನಾನು ಭೋಜದ ರಸ್ತೆಗೆ ಸೈಕಲ್ ತಿರುಗಿಸಲಿಲ್ಲ. ಹೈವೇ ಬದಿಗೇ ಹೋಗಿ ಬರುತ್ತಿದ್ದೆ, ಲಾರಿಗಳ ಭಯವಿದ್ದರೂ.

ಈ ಪಾರ್ಸೆಲ್ ಬಂದ ಮೇಲೆ ಮೂರು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ರವಿವಾರ ಎದ್ದವನೇ ಭೋಜಕ್ಕೆ ಹೊರಟೆ.

ಮಾಮಾನ ತಂಗಿ ಮನೆಮುಂದಿನ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ನೋಡಿ, "ಬರ್ರಿ ಸಾಕ್ಷಿದಾರ್ರ. ಹಾದಿ ಮರತಿದ್ರೇನು?" ಎಂದರು. ಮಕ್ಕಳು ಮರಿ, ಮಳೆ ಬೆಳೆ ಎಲ್ಲ ಆಯಿತು. ಆಮೇಲೆ ಬೇವಿನ ಗಿಡದ ಕಡೆ ನೋಡುತ್ತ ಕೇಳಿದರು.

"ಒಂದ ಮಾತ ಖರೇ ಹೇಳ್ರಿ. ನಮ್ಮ ದಾದಾನ ಹೊಟ್ಟ್ಯಾಗ ನನ್ನ ಮ್ಯಾಲ ಸಿಟ್ಟ ಕಡೀತನಾ ಉಳದಿತ್ತೇನು?"

"ಛೇ, ಇಲ್ಲ ಮಾವಶಿ."

"ಮತ್ತ್ಯಾಕ ಅರ್ಧಾ ಕಪ್ಪಿಗೆ ಎದ್ದ ಹೋಗತಿದ್ದಾ?"

ಆ ಮುಖದ ಎದುರು ಖರೇ ಹೇಳದೆ ಬೇರೆ ದಾರಿ ಇರಲಿಲ್ಲ. "ನೀವು ಪೂಜಾರಿ ಸುದ್ದಿ ತಗೀತಿದ್ರಲ್ಲ, ಅದಕ ಹೆದರತಿದ್ರು. ಅವತ್ತ ಅವರ ಮೈಮ್ಯಾಲಿದ್ದದ್ದು ಭಂಡಾರ ಅಲ್ಲ ಮಾವಶಿ, ಅದು..."

"ಬಣ್ಣ," ಎಂದರು ಆಕೆ. "ಗೊತ್ತಿತ್ತ ಬಿಡ್ರಿ. ಭಂಡಾರ ಮಳ್ಯಾಗ ತೊಳದ ಹೋಕ್ಕೈತಿ. ಇವಂದು ಮಳಿ ಬಿದ್ದಂಗ ಹೆಚ್ಚಾಗಾಕತ್ತಿತ್ತು! ಬೇಲಿ ತನಾ ಬರೂದರಾಗ ತಿಳೀತ ನನಗ. ಅಷ್ಟ ದೂರ ಬಂದ ನಿಂತಾನ, ಹೊಳ್ಳಿ ಹೋಗ ಅನ್ನಾಕ ಆಕ್ಕೈತೇನ್ರಿ? ನನ್ನ ಆಣಿ ಮುರದ ಪಾಪ ನನಗಿರ್ಲಿ ಅಂತ ನೀರ ಕೊಟ್ಟನಿ."

ನಾನು ಒಂದು ಶೇಂಗಾ ಎತ್ತಿಕೊಂಡೆ. "ಮತ್ತ ಪ್ರತೀ ಸಲ ಯಾಕ ಕೇಳತಿದ್ರಿ?"

"ನಗತಾನಂತ." ಆಕೆಯ ಕೈ ನಿಂತಿತ್ತು. "ಸಣ್ಣಾಂವ ಇದ್ದಾಗಿಂದ ಅವಗ ಸುಳ್ಳ ದಕ್ಕಾಂಗಿಲ್ಲ. ಎರಡ ಸಲ ಕೆಣಕಿದ್ರ ತಾನ ನಕ್ಕಬಿಡತಿದ್ದಾ. ಅವ ನಕ್ರ ನಾನೂ ನಗಬೇಕಂತ ಕಾದ್ನಿ. ನಗಲೇ ಇಲ್ಲ... ಗಂಟ ಬಿಚ್ಚಿಲ್ಲ ಇವಂದು ಅನಕೊಂಡ್ನಿ."

ಇವರು ನಗಿಸಲು ಕೇಳಿದ್ದೇ ಅವರನ್ನು ಎಬ್ಬಿಸಿ ಕಳಿಸುತ್ತಿತ್ತು. ನಡುವೆ ಬಸಿ ಹಿಡಿದು ಕೂತಿದ್ದ ನನಗೂ ಒಂದೇ ಒಂದು ಸಲ ಅನುಮಾನ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿರುವ ಆಪತ್ತುಗಳನ್ನೆಲ್ಲ ಯೋಚಿಸಿದವನು ನಾನು...

ಆಕೆ ಮತ್ತೊಂದು ಶೇಂಗಾ ಒಡೆಯುತ್ತ ಕೇಳಿದರು. "ಅವತ್ತ ಹೊರಸಿನ ಮ್ಯಾಲ ಕುಂತಾಗ ಪಚಕ್ ಅಂತಲಾ, ಅವನ ಮಾರಿ ಹೆಂಗಾಗಿತ್ರಿ? ನಗೂ ತಡ್ಯಾಕಾಗದ ಗ್ವಾಡಿ ಕಡೆ ತಿರಗಿದ್ನಿ. ನೋಡಲಿಲ್ಲ ನಾ."

ಹೇಳಲು ಹೋದೆ, ಮಾತು ಸಾಲಲಿಲ್ಲ. ಕಟ್ಟೆಯ ಮೇಲೆ ನೆಟ್ಟಗೆ ಕೂತೆ. ಎರಡೂ ಕೈ ಮೊಣಕಾಲಿನ ಮೇಲಿಟ್ಟು, ಕಣ್ಣರಳಿಸಿ, ಬಸ್ಸಿನಲ್ಲಿ ಸಾಹೇಬರು ತಪಾಸಣೆಗೆ ಹತ್ತಿದಾಗ ಕಂಡಕ್ಟರು ಬಿಗಿಯುವ ಹಾಗೆ ಮುಖ ಬಿಗಿದು, ಕೆಳಗೇನೂ ಆಗೇ ಇಲ್ಲವೆಂಬಂತೆ ಸೂರಿನ ತೊಲೆಯನ್ನೇ ದಿಟ್ಟಿಸಿದೆ. ಉಸಿರೂ ಬಿಡಲಿಲ್ಲ.

ಆಕೆ ನಕ್ಕರು. ಮೊದಲು ಸೆರಗಿನೊಳಗೆ, ಆಮೇಲೆ ಬಾಯಿಬಿಟ್ಟು, ಮಡಿಲಿನ ಶೇಂಗಾ ಚೆಲ್ಲುವ ಹಾಗೆ. "ಹಂಗ... ಹಂಗ ಮಾಡತಿದ್ದ ನೋಡ್ರಿ ಅವ..." ಎನ್ನುತ್ತಲೇ ಸೆರಗು ಕಣ್ಣಿಗೆ ಹೋಯಿತು. ನಾನು ಮುಖ ಸಡಿಲಿಸಲಿಲ್ಲ. ಆಕೆ ನೋಡುವಷ್ಟು ಹೊತ್ತು ಹಾಗೆಯೇ ಕೂತಿದ್ದೆ.