ಅಸ್ತು ಸಾಹೇಬರ ಮೂವತ್ತೊಂದನೇ ಪುಟ

ಅಸ್ತು ಸಾಹೇಬರು ಹನ್ನೊಂದು ವರ್ಷದಲ್ಲಿ ನೂರಾ ನಲವತ್ತು ಕರಡುಗಳನ್ನು ಓದಿ ಒಪ್ಪಿಗೆ ಕೊಟ್ಟಿದ್ದಾರೆ ಎಂದು ಅವರ ಸಂಸ್ಥೆಯ ದಾಖಲೆ ಹೇಳುತ್ತದೆ. ಅದು ಹಸಿ ಸುಳ್ಳು. ಅವರು ಒಂದನ್ನೂ ಓದಿರಲಿಲ್ಲ. ತಲೆಬರಹದ ಮೇಲೆ ಕಣ್ಣಾಡಿಸುವುದು, ಕೊನೆಯ ಪುಟದ ಕೃತಜ್ಞತೆಗಳಲ್ಲಿ ತಮ್ಮ ಹೆಸರಿದೆಯೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುವುದು, ಆಮೇಲೆ ‘ಪೂರ್ತಿ ಓದಿದ್ದೇನೆ, ನನ್ನ ಒಪ್ಪಿಗೆಯಿದೆ’ ಎಂದು ಒಂದು ಮೇಲ್ ಬಿಡುವುದು, ಇಷ್ಟೇ ಅವರ ಪರಿಶೀಲನೆ. ‘ಅಸ್ತು’ ಎಂಬ ಅಡ್ಡಹೆಸರು ಬಂದದ್ದು ಹಾಗೆ. ಅದನ್ನು ಅವರು ಬಿರುದು ಎಂದೇ ತಿಳಿದಿದ್ದರು. ಇಂಥವರಿಗೆ ಅವಮಾನ ಮಾಡುವುದೂ ಸುಲಭವಲ್ಲ.

ಇಂಟರ್‌ನೆಟ್ಟಿನಲ್ಲಿ ಒಂದು ಯಂತ್ರ ಇನ್ನೊಂದರ ಜೊತೆ ಹೇಗೆ ಮಾತಾಡಬೇಕು ಎಂಬ ನಿಯಮಗಳನ್ನು ಗೊತ್ತುಮಾಡುವ ಸಂಸ್ಥೆ ಅದು. ಅಲ್ಲಿ ಮತ ಎಣಿಸುವ ಪದ್ಧತಿಯಿಲ್ಲ. ಯಾರು ಬೇಕಾದರೂ ಕರಡು ಬರೆಯಬಹುದು, ಯಾರು ಬೇಕಾದರೂ ಅದನ್ನು ಚರ್ಚಿಸುವ ಗುಂಪಿನ ಮೇಲ್ ಪಟ್ಟಿಗೆ ಸೇರಿ ತಕರಾರು ತೆಗೆಯಬಹುದು. ಕರಡು ಒಂದು ಹದಕ್ಕೆ ಬಂದಮೇಲೆ ಎರಡು ವಾರದ ಗಡುವು ಕೊಟ್ಟು, ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ್ದಾರೆಂದು ಕಂಡರೆ, ಒಬ್ಬ ಮೇಲ್ವಿಚಾರಕ ತಕರಾರುಗಳು ಏನಾದವು ಎಂಬ ಪ್ರಶ್ನಾವಳಿ ತುಂಬಿ ಕರಡನ್ನು ಕೊನೆಯ ತೀರ್ಮಾನ ಮಾಡುವ ಮಂಡಳಿಗೆ ದಾಟಿಸುತ್ತಾನೆ. ಮಂಡಳಿಯ ಯಾವ ಸದಸ್ಯರಾದರೂ ಸಂಶಯ ಬಂದರೆ ತಡೆ ಹಾಕಬಹುದು. ವ್ಯವಸ್ಥೆಯಲ್ಲಿ ಐಬೇನೂ ಇಲ್ಲ. ಯಾರಾದರೂ ಓದಬೇಕು, ಅಷ್ಟೇ.

ಸಾಹೇಬರಿಗೆ ಈ ಸಂಸ್ಥೆಯೆಂದರೆ ವರ್ಷಕ್ಕೆ ಮೂರು ಸಭೆ. ಅವರ ಟೆಲಿಫೋನ್ ಕಂಪನಿಯೇ ವಿಮಾನದ ಟಿಕೆಟ್ ಕೊಡುತ್ತಿತ್ತು. ಕಿಟಕಿಯಿಲ್ಲದ ಹೋಟೆಲ್ ಸಭಾಂಗಣದಲ್ಲಿ ಮೈಕಿನ ಮುಂದಿನ ಸಾಲಿಗೆ ಅವರು ತಪ್ಪದೆ ನಿಲ್ಲುತ್ತಿದ್ದರು. ಸರದಿ ಬಂದಾಗ ಕರಡು ಬರೆದವರ ಶ್ರಮವನ್ನು ಹೊಗಳಿ ಕೂತುಬಿಡುತ್ತಿದ್ದರು. ಕೊರಳಿಗೆ ಹಾಕಿಕೊಂಡ ಗುರುತಿನ ಬಿಲ್ಲೆಗಳನ್ನು ಮನೆಯ ಓದುವ ಕೋಣೆಯಲ್ಲಿ ಮೊಳೆ ಹೊಡೆದು ನೇತುಹಾಕಿದ್ದರು. ಓದುವ ಕೋಣೆ ಎಂಬ ಹೆಸರಿಗೆ ಆ ಕೋಣೆಯಲ್ಲಿ ಬೇರೆ ಆಧಾರವೇನೂ ಇರಲಿಲ್ಲ.

ಈ ಸಲ ಮಂಡಳಿಯಲ್ಲೇ ಒಂದು ಸ್ಥಾನ ಖಾಲಿಯಾಗಿತ್ತು. ಅದರ ಮೇಲೆ ಸಾಹೇಬರ ಕಣ್ಣು. ಒಂದು ಕರಡನ್ನಾದರೂ ತಾವೇ ಮುಂದೆ ನಿಂತು ದಡ ಸೇರಿಸಿದ್ದೇವೆಂದು ತೋರಿಸಿದರೆ ಆಯ್ಕೆ ಸಮಿತಿ ಮರುಮಾತಾಡದು ಎಂಬ ಲೆಕ್ಕಾಚಾರದಲ್ಲಿ ಲಿಫ್ಟಿನ ಕರಡಿಗೆ ಮೇಲ್ವಿಚಾರಕರಾದರು. ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಗುಂಡಿ ಒತ್ತಿದರೆ, ಆ ಸುದ್ದಿ ಇಂಟರ್‌ನೆಟ್ ಮೂಲಕ ಕಾವಲು ಕೋಣೆಗೆ ತಲುಪುವುದು ಹೇಗೆ ಎಂಬುದೇ ಅದರ ವಿಷಯ. ಗಡುವು ಮುಗಿಯುತ್ತ ಬಂದರೂ ಪಟ್ಟಿಗೆ ಬಂದ ಒಪ್ಪಿಗೆಗಳು ಎರಡೇ. ಸಾಹೇಬರು ಗಾಬರಿಯಾಗಿ ಷಡ್ಡಕನ ಕೈಯಲ್ಲಿ ಒಂದು ಬರೆಸಿದರು. ಇನ್ನೊಂದು ಬರೆಯೆಂದು ಸ್ವಂತ ತಂಗಿಗೆ ಹೇಳಿದರು. ತಂಗಿ ಲಿಫ್ಟ್ ಮೆಕ್ಯಾನಿಕ್, ಹಾಗಾಗಿ ಅವಳ ಹೆಸರು ಪಟ್ಟಿಯಲ್ಲಿ ತೂಕವಾಗಿ ಕಾಣುತ್ತದೆ ಎಂದುಕೊಂಡರು. ‘ಪೂರ್ತಿ ಓದಿದ್ದೇನೆ’ ಎಂದು ಬರೆ ಸಾಕು ಎಂದಿದ್ದರು.

ಅವಳು ಓದಿಬಿಟ್ಟಳು. ಸಂಸ್ಥೆಯ ಘಟಾನುಘಟಿಗಳಿಗೆ ಹೊಳೆಯದ ಈ ಉಪಾಯ ಅವಳಿಗೆ ಹೊಳೆದದ್ದು ಹೀಗೆ: ಬರೆಯಬೇಕಾದ್ದು ‘ಓದಿದ್ದೇನೆ’ ಎಂದಾದರೆ ಮೊದಲು ಓದಬೇಕಲ್ಲ. ನಾಲ್ಕು ದಿನ ಮಧ್ಯಾಹ್ನದ ಬಿಡುವಿನಲ್ಲಿ ನಲವತ್ತು ಪುಟ ಮುಗಿಸಿ ಪಟ್ಟಿಗೆ ಮೇಲ್ ಹಾಕಿದಳು. ಮೂವತ್ತೊಂದನೇ ಪುಟದ ಪ್ರಕಾರ, ಗುಂಡಿ ಒತ್ತಿದ ಕೂಡಲೇ ‘ಸಹಾಯ ಬರುತ್ತಿದೆ’ ಎಂಬ ದೀಪ ಹತ್ತುತ್ತದೆ. ಕಾವಲು ಕೋಣೆಯಿಂದ ಉತ್ತರ ಬರದಿದ್ದರೆ ಸುದ್ದಿ ಕಳಿಸುವ ಪೆಟ್ಟಿಗೆ ಮೂರು ಸಲ ಪ್ರಯತ್ನಿಸಿ ಸುಮ್ಮನಾಗುತ್ತದೆ. ದೀಪ ಮಾತ್ರ ಆರುವುದಿಲ್ಲ. ಒಳಗಿದ್ದವರು ಅದನ್ನು ನಂಬಿ ಕೂತಿರುತ್ತಾರೆ, ಯಾರೂ ಬರುವುದಿಲ್ಲ. ಹೋದ ವಾರವಷ್ಟೇ ತಾನು ಬಾಗಿಲು ಮೀಟಿ ಹೊರತೆಗೆದ ಮನುಷ್ಯ ಹೆಬ್ಬೆರಳು ಊದುವ ತನಕ ಗುಂಡಿ ಒತ್ತಿದ್ದನೆಂದೂ, ಇಂಥ ದೀಪ ಇದ್ದಿದ್ದರೆ ಅದನ್ನು ನಂಬಿ ಒತ್ತುವುದನ್ನು ನಿಲ್ಲಿಸುತ್ತಿದ್ದನೆಂದೂ, ಸುದ್ದಿ ಯಾರಿಗೂ ಮುಟ್ಟುತ್ತಿರಲಿಲ್ಲವೆಂದೂ ಬರೆದಳು. ಉತ್ತರ ಬಂದ ಮೇಲೆಯೇ ದೀಪ ಹತ್ತಲಿ, ಇಷ್ಟೇ ಅವಳ ಬೇಡಿಕೆ.

ಸಾಹೇಬರು ಅವಳ ಮೇಲನ್ನೂ ಓದಲಿಲ್ಲ. ಅಮೂಲ್ಯ ಸಲಹೆಗೆ ಧನ್ಯವಾದ ಎಂದು ಕಾಟಾಚಾರಕ್ಕೆ ಒಂದು ಸಾಲು ಗೀಚಿ, ಪ್ರಶ್ನಾವಳಿಯಲ್ಲಿ ‘ಆಕ್ಷೇಪಿಸಿದವರಿಗೆ ಸಮಾಧಾನವಾಗಿದೆ’ ಎಂದು ತುಂಬಿ ಮಂಡಳಿಗೆ ಕಳಿಸಿ ಕೈ ತೊಳೆದುಕೊಂಡರು. ಮಂಡಳಿಯಲ್ಲಿ ಒಬ್ಬ ನಿವೃತ್ತ ಪ್ರಾಧ್ಯಾಪಕಿ ಇದ್ದರು. ಆಕೆ ಕರಡಿಗೆ ತಡೆ ಹಾಕಿದರು. ನಿಮಗೆ ನಿಜವಾಗಿಯೂ ಸಮಾಧಾನವಾಗಿದೆಯೇ ಎಂದು, ಇಡೀ ಪಟ್ಟಿ ನೋಡುವಂತೆ, ನೇರವಾಗಿ ತಂಗಿಯನ್ನೇ ಕೇಳಿದರು.

ಮಾರನೆಯ ಬೆಳಿಗ್ಗೆ ಸಾಹೇಬರು ತಂಗಿಯ ಕೆಲಸದ ಜಾಗಕ್ಕೆ ಓಡಿದರು. ಲಿಫ್ಟು ರಿಪೇರಿಯಲ್ಲಿದ್ದುದರಿಂದ ಎಂಟು ಮಹಡಿ ಹತ್ತಿ, ಮಾಳಿಗೆಯ ಮೋಟಾರು ಕೋಣೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತರು. ಇಸ್ತ್ರಿ ಮಾಡಿದ ಅಂಗಿಗೆ ಗ್ರೀಸು ತಗಲದಂತೆ ಮೈ ಮುದುಡಿಕೊಂಡು, ಹೂಂ ಎಂದು ಬರೆದುಬಿಡು, ಮುಂದಿನ ಆವೃತ್ತಿಯಲ್ಲಿ ಸರಿಮಾಡಿಸುತ್ತೇನೆ ಎಂದರು. ಮುಂದಿನ ಆವೃತ್ತಿ ಯಾವಾಗ ಎಂದು ಅವಳು ಕೇಳಿದಳು. ಐದಾರು ವರ್ಷ ಆಗಬಹುದಂತೆ. ಅವಳು ಬಟ್ಟೆಚೂರಿನಿಂದ ಕೈ ಒರೆಸಿ ತನ್ನ ಫೋನನ್ನು ಅವರ ಮುಂದೆ ಹಿಡಿದಳು.

"ಮೂವತ್ತೊಂದನೇ ಪುಟ. ಓದು. ಜೋರಾಗಿ ಓದು."

ಓದಿದರು. ಅರ್ಧಕ್ಕೆ ಬರುವಷ್ಟರಲ್ಲಿ ದನಿ ಸಣ್ಣಗಾಯಿತು. ಅವರೇನು ದಡ್ಡರಲ್ಲ, ಕಾಲೇಜಿನಲ್ಲಿ ಮೊದಲ ದರ್ಜೆ. ದಡ್ಡರಾಗಿದ್ದರೆ ಹೋಗಲಿ ಪಾಪ ಎಂದಾದರೂ ಬಿಡಬಹುದಿತ್ತು. ಒಂದೇ ನಿಮಿಷದಲ್ಲಿ ಅವರಿಗೆ ಎಲ್ಲ ಅರ್ಥವಾಗಿತ್ತು.

"ತಪ್ಪು ಇದೆ, ಒಪ್ಕೋತೀನಿ," ಎಂದರು. "ಆದ್ರೆ ಈಗ ತಿದ್ದೋಕೆ ಹೋದ್ರೆ ಮತ್ತೆ ಗುಂಪಿಗೆ ವಾಪಸ್ಸು, ಮತ್ತೆ ಎರಡು ವಾರ. ಅಷ್ಟರಲ್ಲಿ ಆಯ್ಕೆ ಮುಗ್ದೋಗಿರುತ್ತೆ. ಅಣ್ಣ ಅಂತ ಒಂದ್ಸಲ ಹೂಂ ಅನ್ನು."

ತಂಗಿ ಅವರ ಮುಖವನ್ನೇ ನೋಡಿದಳು. ಹುಟ್ಟಿದಾಗಿನಿಂದ ನೋಡಿದ ಮುಖ, ಈಗ ಮಾತ್ರ ಹೇಸಿಗೆ ಹುಟ್ಟಿಸಿತು.

"ಇಷ್ಟು ದಿನ ನೀನು ಓದದೆ ಒಪ್ತೀಯ ಅಂತ ನಗಾಡ್ತಿದ್ದೆ," ಎಂದಳು. "ಈಗ ಓದಿದೀಯ. ಆದ್ರೂ ಒಪ್ತೀಯ. ಹೋಗಣ್ಣ, ನಂಗೆ ಕೆಲಸ ಇದೆ."

ಇಳಿಯುತ್ತ ನಾಲ್ಕನೇ ಮಹಡಿಗೆ ಬಂದಾಗ ಸಾಹೇಬರ ಜೇಬಿನ ಫೋನು ಗುಂಯ್‌ಗುಟ್ಟಿತು. ತಂಗಿ ಇಡೀ ಪಟ್ಟಿಗೆ ಬರೆದಿದ್ದಳು: ‘ನನಗೆ ಸಮಾಧಾನವಾಗಿಲ್ಲ. ಮೇಲ್ವಿಚಾರಕರೂ ಈಗ ತಾನೇ ನನ್ನೆದುರು ಮೂವತ್ತೊಂದನೇ ಪುಟ ಓದಿದ್ದಾರೆ. ಅದು ಸರಿಯೋ ತಪ್ಪೋ, ಅವರನ್ನೇ ಕೇಳಿ.’ ಅದರ ಹಿಂದೆಯೇ ಪ್ರಾಧ್ಯಾಪಕಿಯ ಮೇಲ್ ಬಂತು. ಅದರಲ್ಲಿ ಇದ್ದದ್ದು ‘ಹೇಳಿ’ ಎಂಬ ಒಂದೇ ಮಾತು.

ಸಾಹೇಬರು ಮೆಟ್ಟಿಲ ಮೇಲೆ ಕೂತರು. ಸರಿ ಎಂದರೆ ತಂಗಿ ಬಿಡುವವಳಲ್ಲ, ತಪ್ಪು ಎಂದರೆ ಮಂಡಳಿಯ ಕುರ್ಚಿ ಕೈತಪ್ಪುತ್ತದೆ. ನುಣುಚಿಕೊಳ್ಳಲು ಒಂದು ವಾಕ್ಯ ಸಿಕ್ಕೀತೇ ಎಂದು ಅರ್ಧ ಗಂಟೆ ತಡಕಾಡಿದರು. ಸಿಗಲಿಲ್ಲ. ಕೊನೆಗೆ ‘ತಪ್ಪಿದೆ’ ಎಂದು ಒಂದೇ ಪದ ಬರೆದು ಕಳಿಸಿದರು. ಕರಡು ಅವತ್ತೇ ಗುಂಪಿಗೆ ವಾಪಸ್ಸು ಹೋಯಿತು. ಹನ್ನೊಂದು ವರ್ಷದಲ್ಲಿ ಅವರು ಓದಿ ಬರೆದ ಮೊದಲ ಮೇಲ್ ಅದು. ಅದನ್ನೂ ತಂಗಿ ಕತ್ತು ಹಿಡಿದು ಬರೆಸಬೇಕಾಯಿತು.