ಕಲ್ಯಾಣಿಯ ಹಗ್ಗ

ನಂಬಿಸಲೇಬೇಕೆಂಬ ಹಟ ನನಗಿಲ್ಲ. ಆದರೆ ಇದು ನಡೆದದ್ದು, ನನ್ನ ಸೊಂಟಕ್ಕೇ ಕಟ್ಟಿದ್ದ ಹಗ್ಗದಲ್ಲಿ.

ಮದುವೆಗೆ ಮುಂಚೆ ನಾನು ಕರಾವಳಿಯಲ್ಲಿ ದಡದಿಂದಲೇ ಸಮುದ್ರಕ್ಕಿಳಿದು, ಬಂಡೆಗಂಟಿದ ಚಿಪ್ಪಿಲ್ಲದ ಕಡಲಹುಳುಗಳನ್ನು ಹುಡುಕಿ, ಫೋಟೊ ತೆಗೆದು ದಾಖಲಿಸುತ್ತಿದ್ದೆ. ಅರಸೀಕೆರೆಗೆ ಸೊಸೆಯಾಗಿ ಬಂದ ಮೇಲೆ ಸಮುದ್ರ ಎಲ್ಲಿಂದ ಬರಬೇಕು? ಹುಲಿಕೆರೆಯಿಂದಾಚೆ ಒಂದು ಹಾಳು ಕಲ್ಯಾಣಿ ಸಿಕ್ಕಿತು. ಅದರಲ್ಲಿ ಬಸವನಹುಳುಗಳಿದ್ದವು. ಕತ್ತಲಾದ ಮೇಲೆಯೇ ಅವು ಕಲ್ಲಿನ ಸಂದಿಯಿಂದ ಹೊರಬರುವುದು.

ಗಂಡ ಲೋಕೇಶನದು ಕೊಬ್ಬರಿ ವ್ಯಾಪಾರ. "ಹುಳ ನೋಡಕ್ಕೆ ಪೆಟ್ರೋಲ್ ಸುಟ್ಕಂಡು ಬರ್ಬೇಕಲ್ಲ," ಎಂದು ಗೊಣಗುತ್ತಲೇ ಆ ರಾತ್ರಿ ಜೊತೆಗೆ ಬಂದಿದ್ದ. ಅವನಿಗಿದ್ದದ್ದು ಒಂದೇ ಕೆಲಸ, ಮೇಲಿನ ಮೆಟ್ಟಿಲಲ್ಲಿ ಕೂತು ಹಗ್ಗದ ತುದಿ ಹಿಡಿಯುವುದು. ಅಪಾಯ ಕಂಡರೆ ಎರಡು ಸಲ ಜಗ್ಗಬೇಕು, ನಾನು ಮೇಲೆ ಬರಬೇಕು.

"ಬಿಡಬೇಡಿ ಕಣ್ರೀ."

"ಬಿಡಲ್ಲ, ನೀನ್ ಇಳಿ."

ಉಸಿರು ಹಿಡಿದು ಮುಳುಗಿದೆ. ಗೋಡೆಯ ಬುಡದಲ್ಲಿ, ಟಾರ್ಚಿನ ಬೆಳಕಿಗೆ ಒಂದು ಹುಳು ಕೊಂಬು ಚಾಚಿತು. ಕ್ಯಾಮೆರಾ ಎತ್ತಿದೆ… ಹಗ್ಗ ಜಗ್ಗಿತು. ಇನ್ನೊಂದು ಸಲ, ಸೊಂಟ ನೋಯುವಷ್ಟು ಜೋರಾಗಿ.

ಮನಸ್ಸಿನಲ್ಲೇ ಬೈಯುತ್ತಾ ಮೇಲೆದ್ದೆ. ತಲೆ ಹೊರಬಂದಿತ್ತಷ್ಟೆ, ಕೆಳಗೆ ದಡ್ ಎಂದಿತು… ಗೋಡೆಯ ಚಪ್ಪಡಿ ಕಳಚಿ ನಾನಿದ್ದ ಜಾಗಕ್ಕೇ ಬಿದ್ದಿತ್ತು. ಕೊಳೆತ ಕೆಸರಿನ ವಾಸನೆ ಮೂಗಿಗೆ ಅಡರಿತು.

"ರೀ…"

ಮೇಲಕ್ಕೆ ಟಾರ್ಚ್ ಹಾಯಿಸಿದೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಹಗ್ಗದ ತುದಿ ಬರಿಗಲ್ಲಿನ ಮೇಲೆ ಬಿದ್ದಿತ್ತು, ಯಾವುದಕ್ಕೂ ಸಿಕ್ಕಿಕೊಂಡಿರಲಿಲ್ಲ.

ಮೆಟ್ಟಿಲೇರಿ ಸೊಂಟದ ಗಂಟು ಬಿಚ್ಚುತ್ತಿದ್ದಾಗ ದೂರದಲ್ಲಿ ಬೈಕಿನ ಸದ್ದಾಯಿತು. ಬಂದವನು ಲೋಕೇಶ.

"ಮಂಡಿಗೆ ಫೋನ್ ಮಾಡ್ಬೇಕಿತ್ತು. ಇಲ್ಲಿ ಟವರ್ ಸಿಗಲ್ಲ, ಮೇನ್ ರೋಡ್ ತಂಕ ಹೋಗಿದ್ದೆ."

ನಡೆದದ್ದನ್ನೆಲ್ಲ ಹೇಳಿದೆ. ಅವನು ಮನೆಗೆ ಬಂದು ಅತ್ತೆಯ ಮುಂದೆ, "ನಾನ್ ಹಗ್ಗ ಎಳ್ದಿದ್ಕೆ ಉಳ್ಕಂಡ್ಲು ಕಣವ್ವ," ಎಂದ. ಅತ್ತೆ ಮಗನಿಗೆ ದೃಷ್ಟಿ ತೆಗೆದರು.

ನನಗೆ ಹೇಸಿಗೆಯಾಯಿತು. ಆದರೆ ಬಾಯಿ ಬಿಟ್ಟರೆ, ಹಾಗಾದರೆ ಎಳೆದವರು ಯಾರು ಎಂದು ಕೇಳುತ್ತಾರೆ. ಸುಮ್ಮನಾದೆ. ಈಗ ನೆಂಟರಿಷ್ಟರಿಗೆಲ್ಲ ಅವನೇ ನನ್ನನ್ನು ಉಳಿಸಿದ ಗಂಡ.

ಆ ಕಲ್ಯಾಣಿಗೆ ಈಗಲೂ ಹೋಗುತ್ತೇನೆ, ಒಬ್ಬಳೇ. ಭಯವಾಗುತ್ತದೆ. ಆದರೂ ಹಗ್ಗದ ತುದಿಯನ್ನು ಯಾವ ಮರಕ್ಕೂ ಕಟ್ಟದೆ, ಖಾಲಿ ಮೆಟ್ಟಿಲ ಮೇಲಿಟ್ಟು ನೀರಿಗಿಳಿಯುತ್ತೇನೆ…