ಮತ್ತು ಸಂಗಡಿಗರು

ಸಫೇದಾ ಪುಡಿಗೆ ಕೊಬ್ಬರಿ ಎಣ್ಣೆ ಹಾಕಿ ಅಂಗೈಯಲ್ಲಿ ತಿಕ್ಕಿದರೆ ಒಂದು ವಾಸನೆ ಬರುತ್ತದೆ. ನಾಟಕದವರು ಮುಖಕ್ಕೆ ಬಳಿದುಕೊಳ್ಳುವ ಬಿಳಿ ಬಣ್ಣದ ವಾಸನೆ. ಮೊನ್ನೆ ಹಾವೇರಿಯ ನಮ್ಮ ಶಾಲೆಯಲ್ಲಿ ವಾರ್ಷಿಕೋತ್ಸವದ ಗ್ಯಾದರಿಂಗಿನ ತಾಲೀಮು. ಮಕ್ಕಳ ಮುಖಕ್ಕೆ ಬಣ್ಣ ಹಚ್ಚುತ್ತ ಕುಳಿತಿದ್ದಾಗ ಆ ವಾಸನೆ ಮೂಗಿಗೆ ಬಡಿದು ಕೈ ನಿಂತುಬಿಟ್ಟಿತು. ಎದುರಿಗಿದ್ದ ಹುಡುಗಿ, 'ಟೀಚರ್, ಇನ್ನೊಂದು ಗಲ್ಲ ಉಳದೈತ್ರಿ' ಎಂದಳು.

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಇಷ್ಟು ವರ್ಷವಾದರೂ ಆ ವಾಸನೆಗೆ ನನಗೆ ಬರುವುದು ಸಿಟ್ಟೇ.

ಬ್ಯಾಡಗಿಯಲ್ಲಿ ನಮ್ಮ ಬಾಜೂ ಮನೆಯ ಕಾಕಾ ಆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಮೆಣಸಿನಕಾಯಿ ಪೇಟೆಯಲ್ಲಿ ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯುವುದು ಅವರ ಕಸುಬು. ಪೇಟೆ ಇಲ್ಲದ ದಿನ ಜಾದೂ. ಒಬ್ಬರೇ ಅಲ್ಲ, ಜೋಡಿ. ರಾಣೇಬೆನ್ನೂರಿನ ಜಾದೂಗಾರರೊಬ್ಬರು ಇದ್ದರು. ಎತ್ತರದ ಆಳು, ಕರಿ ಕೋಟು, ಕಟ್ಟೆ ಹತ್ತಿದರೆ ಪುಸ್ತಕದಂಥ ಮಾತು. ಅವರು ಜಾದೂ ಮಾಡಬೇಕು, ನಮ್ಮ ಕಾಕಾ ಅದನ್ನು ಕೆಡಿಸಬೇಕು, ಮಂದಿ ನಗಬೇಕು. ನಾನು ಹುಟ್ಟುವ ಮೊದಲಿನಿಂದಲೂ ಅದೇ ಆಟ. ಹೊಸರಿತ್ತಿಯಿಂದ ಐರಣಿಯವರೆಗೆ ಅವರಿಬ್ಬರು ಹತ್ತದ ಕಟ್ಟೆಯಿರಲಿಲ್ಲ.

ಎಲ್ಲರಿಗೂ ನೆನಪಿರುವುದು ಪಟಗದ ಆಟ. ಊರಿನ ಗೌಡರನ್ನೇ ಮುಂದೆ ಕರೆದು ತಲೆಗೆ ಸುತ್ತಿದ ಪಟಗ ಕೇಳುವರು. ಅದನ್ನು ಇಸಿದುಕೊಂಡು ಜಾದೂಗಾರರ ಕೈಗೆ ಮುಟ್ಟಿಸುವಷ್ಟರಲ್ಲಿ ಕಾಕಾ ಒಮ್ಮೆ ಎಡವುವರು. ಜಾದೂಗಾರರು ಕತ್ತರಿ ತೆಗೆದು ಪಟಗವನ್ನು ಕಚಕಚ ಕತ್ತರಿಸುವರು. ಕಾಕಾ ಎದೆ ಬಡಿದುಕೊಂಡು ಬೊಬ್ಬೆ ಹಾಕುವರು. 'ಅಯ್ಯಯ್ಯೋ, ಗೌಡ್ರ ತಲಿ ಬೋಳಾತು! ಗೌಡಶಾನಿಗೆ ಏನಂತ ಹೇಳ್ಲೆಪ್ಪೋ! ಇವತ್ತ ನನಗ ಊಟಾನೂ ಇಲ್ಲ, ಊರಿಗೆ ಹೋಗಾಕ ದಾರೀನೂ ಇಲ್ಲ!' ಚಿಂದಿ ಆರಿಸಿಕೊಂಡು ಗೌಡರ ಕಾಲಿಗೆ ಬೀಳುವರು, ಧೋತರ ತೊಡರಿ ಉರುಳುವರು. ಮಂದಿ ಹೊಟ್ಟೆ ಹಿಡಿದು ನಗುತ್ತಿರುವಾಗ ಜಾದೂಗಾರರು ಚಿಂದಿಯ ಗಂಟಿಗೆ ಕೋಲು ಮುಟ್ಟಿಸಿದರೆ ಇಡೀ ಪಟಗ ಹೊರಬರುತ್ತಿತ್ತು. ಚಪ್ಪಾಳೆಯೆಲ್ಲ ಕರಿ ಕೋಟಿಗೆ.

ಇಂದು ಗುಟ್ಟು ಒಡೆಯುತ್ತಿದ್ದೇನೆ. ಒಡೆಯಲಿ. ಕತ್ತರಿಸಿದ್ದು ಗೌಡರ ಪಟಗವೇ ಅಲ್ಲ. ಹಿಂದಿನ ದಿನವೇ ಕಾಕಾ ಏನೋ ನೆಪ ಮಾಡಿ ಆ ಊರಿಗೆ ಹೋಗಿ, ಗೌಡರ ಪಟಗದ ಬಣ್ಣ, ಅಂಚು ನೋಡಿಕೊಂಡು ಬರುತ್ತಿದ್ದರು. ಹಳೆಯ ಬಟ್ಟೆಗೆ ಬಣ್ಣ ಹಾಕಿ, ಅಂಚು ಹೊಲಿದು, ಅಂಥದ್ದೇ ಇನ್ನೊಂದು ಮಾಡುತ್ತಿದ್ದರು. ಎಡವಿದಾಗ ಒಮ್ಮೆ ಬದಲು, ಕಾಲಿಗೆ ಬಿದ್ದಾಗ ಇನ್ನೊಮ್ಮೆ ಬದಲು. ಕರಿ ಕೋಟಿನವರು ಮಾಡುತ್ತಿದ್ದುದು ಕೋಲು ಮುಟ್ಟಿಸುವುದಷ್ಟೇ. 'ನಗೋ ಮುಂದ ಮಂದಿ ಕಣ್ಣ ಸಣ್ಣ ಮಾಡತಾರವಾ. ಅಷ್ಟ ಸಾಕು ನನಗ' ಎಂದು ಕಾಕಾ ಒಮ್ಮೆ ಹೇಳಿದ್ದರು, ಸೂಜಿಗೆ ದಾರ ಪೋಣಿಸುತ್ತ…

ನಮ್ಮವ್ವ ಅದೇ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಮನೆಯಲ್ಲಿ ಅಕ್ಷರ ಬರುತ್ತಿದ್ದುದು ನನಗೊಬ್ಬಳಿಗೆ. ಓಣಿಗೆ ಬಂದ ಕಾಗದವನ್ನೆಲ್ಲ ನಾನೇ ಓದಿ ಹೇಳಬೇಕು. ಕಾಕಾ ಹೆಬ್ಬೆಟ್ಟು. ಆಟದ ಕರಪತ್ರ ಬಂದ ದಿನ ಅದನ್ನು ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು. 'ನನ್ನ ಹೆಸರ ಎಲ್ಲೈತಿ ತೋರಸ ಯವ್ವಾ.'

ಹೆಸರು ಇರಲಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ಜಾದೂಗಾರರ ಹೆಸರು, ಕೆಳಗೆ ಸಣ್ಣದಾಗಿ 'ಮತ್ತು ಸಂಗಡಿಗರು'. ಭಜನಾ ಮೇಳವಿರಲಿ, ಡೊಳ್ಳಿನವರಿರಲಿ, ನಮ್ಮ ಕಡೆ ಕರಪತ್ರ ಹಾಕಿಸುವುದೇ ಹಾಗೆ. ಒಬ್ಬನಿಗೆ ಹೆಸರು, ಉಳಿದವರೆಲ್ಲ ಸಂಗಡಿಗರು. ಆಗ ನಾನು ಎಂಟನೆಯ ತರಗತಿ. ಅವರ ಮುಖ ನೋಡಿ ಇಲ್ಲ ಎನ್ನಲು ಆಗಲಿಲ್ಲ. ಆ ಎರಡು ಶಬ್ದದ ಮೇಲೆ ಬೆರಳಿಟ್ಟು, 'ಇಲ್ಲೇ ಐತಲ್ಲ ಕಾಕಾ' ಎಂದೆ. ಅವರು ಅದರ ಮೇಲೆ ತಮ್ಮ ಬೆರಳು ಆಡಿಸಿ, 'ಭಾಳ ಉದ್ದ ಐತವಾ ನನ್ನ ಹೆಸರ!' ಎಂದು ನಕ್ಕರು.

ಆ ಸುಳ್ಳು ವರ್ಷಗಟ್ಟಲೆ ನಡೆಯಿತು. ಆ ಅಕ್ಷರಗಳ ಆಕಾರ ಅವರಿಗೆ ಗುರುತಾಗಿಬಿಟ್ಟಿತ್ತು. ಆಮೇಲಾಮೇಲೆ ನನ್ನನ್ನು ಕೇಳದೆ ತಾವೇ ಹುಡುಕಿ ಹೆಂಡತಿಗೆ, ನಮ್ಮ ಕಾಕುಗೆ, ತೋರಿಸುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷಕ್ಕೆ ನಾನು ಬಿ.ಎ. ಮುಗಿಸಿದೆ. ಓಣಿಯಲ್ಲಿ ಮೊದಲನೆಯವಳು. ಹಾವೇರಿಯ ಕಾಲೇಜಿಗೆ ಬಸ್ಸಿನಲ್ಲಿ ನಿಂತು ಓಡಾಡಿ, ರಜೆಯಲ್ಲಿ ಅವ್ವನ ಪಕ್ಕ ಖಾರದ ಧೂಳಿನಲ್ಲಿ ಕುಳಿತು ಸೀನುತ್ತ ಗಳಿಸಿದ ಡಿಗ್ರಿ ಅದು. ಅದರ ಹೆಮ್ಮೆ ನನಗೆ ಇಂದಿಗೂ ಇದೆ, ಮುಚ್ಚಿಡುವುದಿಲ್ಲ. ಅದೇ ಹೊತ್ತಿಗೆ ರಾಣೇಬೆನ್ನೂರಿನವರು ಈ ಜೋಡಿಗೆ ಒಂದು ಸನ್ಮಾನ ಇಟ್ಟುಕೊಂಡರು. ಸನ್ಮಾನ ಪತ್ರ ಯಾರು ಬರೆಯಬೇಕೆಂಬ ಮಾತು ಬಂದಾಗ ಕಾಕಾ, 'ನಮ್ಮ ಹುಡುಗಿ ಬಿ.ಎ. ಅದಾಳ, ಆಕಿ ಕಡೆನ ಬರಸ್ರಿ' ಎಂದು ಹಟ ಹಿಡಿದಿದ್ದರು.

ಜಾದೂಗಾರರು ಖುದ್ದು ನಮ್ಮ ಮನೆಗೆ ಬಂದರು. ಚಹಾ ಕುಡಿದು, 'ಹೆಸರ ಒಂದ ಸಾಕ್ರಿ. ಮತ್ತು ಸಂಗಡಿಗರು ಅಂತ ಬರದ್ರ ಎಲ್ಲಾ ಬಂದಂಗಾತಲ್ಲ. ಚೌಕಟ್ಟಿನಾಗ ಜಾಗಾ ಸಾಲಂಗಿಲ್ಲ' ಎಂದರು. ನನಗೆ 'ರಿ' ಹಚ್ಚಿ ಮಾತಾಡಿಸಿದ ಮೊದಲ ದೊಡ್ಡ ಮನುಷ್ಯ ಅವರು. ಆಯಿತು ಎಂದೆ. ಬರೆದೆ. ಕಲಾತಪಸ್ವಿ ಎಂದೆ, ನಾಡಿನ ಹೆಮ್ಮೆ ಎಂದೆ, ಕಾಲೇಜಿನಲ್ಲಿ ಕಲಿತ ದೊಡ್ಡ ಶಬ್ದಗಳನ್ನೆಲ್ಲ ಆ ಕೋಟಿನ ಕಾಲಡಿಗೆ ಸುರಿದೆ. ಕೆಳಗೆ ಬಲಕ್ಕೆ 'ರಚನೆ' ಎಂದು ನನ್ನ ಹೆಸರೂ ಅದರ ಮುಂದೆ ಬಿ.ಎ. ಎಂದೂ ಅಚ್ಚಾಯಿತು.

ನನ್ನ ಹೆಸರಿಗೆ ಜಾಗವಿತ್ತು.

ಅದಾಗಿ ಎರಡು ವರ್ಷಕ್ಕೆ ಕಾಕಾರ ಕಣ್ಣು ಮಂದವಾದವು. ದಬ್ಬಣ ಕೈಗೇ ಚುಚ್ಚತೊಡಗಿತು, ಪೇಟೆಯಲ್ಲಿ ಬೇಡವೆಂದರು. ಆಟಗಳೂ ನಿಂತಿದ್ದವು. ಹಳೆಯ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುತ್ತದೆಂದು ನಾನೇ ಅರ್ಜಿ ತುಂಬಿ, ಪುರಾವೆಗೆ ಆ ಸನ್ಮಾನ ಪತ್ರ ಜೋಡಿಸಿ, ಹಾವೇರಿಯ ಕಚೇರಿಗೆ ಕರೆದೊಯ್ದೆ. ಜಿಲ್ಲೆಗೆಲ್ಲ ಗೊತ್ತಿರುವ ಮುಖ, ಕಾಗದದಲ್ಲಿ ಹೆಸರು ಯಾರು ನೋಡುತ್ತಾರೆ ಎಂದುಕೊಂಡಿದ್ದೆ. ಕಲಿತವಳ ದಡ್ಡತನ.

ಗುಮಾಸ್ತ ಮುಖ ನೋಡಿದ ಕೂಡಲೇ ಗುರುತು ಹಿಡಿದ. 'ಏ, ಪಟಗಾದ ಕಾಕಾ! ನಮ್ಮ ಸಾಲಿಗೆ ಬಂದಿದ್ರಲ್ರಿ!' ಬಾಜೂ ಟೇಬಲ್ಲಿನವರನ್ನೂ ಕರೆದ. ಆಮೇಲೆ ಸನ್ಮಾನ ಪತ್ರ ಓದಿದ. 'ಇದರಾಗ ನಿಮ್ಮ ಹೆಸರ ಇಲ್ಲಲ್ರಿ?'

'ಚಲೋ ನೋಡ್ರಿ ಸಾಹೇಬ್ರ. ಇಲ್ಲೈತಿ.' ಕಾಕಾ ಬೆರಳಿಟ್ಟು ತೋರಿಸಿದರು. ಕಣ್ಣು ಮಂದವಾಗಿದ್ದರೂ, ಸರಿಯಾಗಿ ಆ ಎರಡು ಶಬ್ದದ ಮೇಲೆ.

ಗುಮಾಸ್ತ ಜೋರಾಗಿ ಓದಿದ. 'ಮತ್ತು ಸಂಗಡಿಗರು.' ಓದಿ ನಕ್ಕ. 'ಭಾರಿ ಅದೀರಿ ಬಿಡ್ರಿ, ಇಲ್ಲೂ ಆಟಾ ಹೂಡೀರಿ!'

ಕಾಕಾ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. 'ನಾ ಖರೇನ ಹೇಳಾಕತ್ತೇನ್ರಿ! ಆಟಾ ಮಾಡಿದಾಂವ ನಾ!' ಎಂದು ಅವರು ಎದೆ ಬಡಿದುಕೊಂಡರು. ಕಟ್ಟೆಯ ಮೇಲಿನ ಅದೇ ದನಿ, ಅದೇ ಎದೆಬಡಿತ. ಕಚೇರಿಯೆಲ್ಲ ನಕ್ಕಿತು. ಜೀವಮಾನದಲ್ಲಿ ಒಮ್ಮೆ ಆ ಮನುಷ್ಯ ನಿಜವಾಗಿ ಗೋಳಾಡಿದ, ಮಂದಿ ಕಣ್ಣು ಸಣ್ಣ ಮಾಡಿ ನಕ್ಕರು!

ಜೊತೆಗೆ ಆಟ ಮಾಡಿದವರೆಂದು ಜಾದೂಗಾರರಿಂದ ಒಂದು ಪತ್ರ ತಂದರೆ ನೋಡೋಣ ಎಂದ ಗುಮಾಸ್ತ. ಅದೇ ದಿನ ರಾಣೇಬೆನ್ನೂರಿಗೆ ಹೋದೆವು. ಜಾದೂಗಾರರು ಒಳಗೆ ಕರೆದರು, ನೀರು ಕೊಟ್ಟರು, ಕಾಗದಕ್ಕೆ ಮಾತ್ರ ಕೈ ಹಚ್ಚಲಿಲ್ಲ. 'ಅಂವಾ ಮಾಡಿದ ಅಂತ ನಾ ಸಹಿ ಮಾಡಿದ್ರ, ಇಷ್ಟ ವರ್ಷ ನಾ ಏನ್ ಮಾಡಿದೆ ಅಂತ ಕೇಳತಾರಲ್ರಿ ಮಂದಿ' ಎಂದರು ನನಗೆ. ಕಾಕಾ ಕಡೆ ಮುಖ ತಿರುಗಿಸಲೇ ಇಲ್ಲ. 'ಸಾಮಾನು ಹೊರತಿದ್ದ ಅಂತ ಬೇಕಾದ್ರ ಬರದ ಕೊಡತೇನಿ.'

ನಾನು ಬಾಯಿಗೆ ಬಂದದ್ದು ಅಂದೆ. ಇಲ್ಲಿ ಬರೆಯುವಂಥದ್ದಲ್ಲ ಅದು. ಕಾಕಾ ಎದ್ದು ಚಪ್ಪಲಿ ಮೆಟ್ಟಿದರು.

ಬ್ಯಾಡಗಿಗೆ ರೈಲಿನಲ್ಲಿ ಬರುವಾಗ ಕೇಳಿದರು. 'ಸಂಗಡಿಗರು ಅಂದ್ರ ಎಷ್ಟ ಮಂದಿ ಯವ್ವಾ?'

'ನೀವೊಬ್ಬರ, ಕಾಕಾ.'

'ನಾ ಮಂದಿ ಕಣ್ಣ ಕಟ್ಟೇನಿ ಅಂತ ತಿಳಕೊಂಡಿದ್ನಿ' ಎಂದರು. 'ನನ್ನ ಕಣ್ಣ ನೀ ಕಟ್ಟೀದಿ.' ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೇನೋ…

ಮುಂದಿನ ಬೇಸಿಗೆ ದಾಟಲಿಲ್ಲ ಅವರು. ಮಣ್ಣಿಗೆ ಜಾದೂಗಾರರು ಬಂದರು, ದೊಡ್ಡ ಹಾರ ಹಾಕಿದರು. ನಾನು ಕಾಕುವಿನ ಹತ್ತಿರ ಹೋಗಿ, ಪತ್ರಿಕೆಗೆ ಬರೆಯುತ್ತೇನೆ, ಹೆಸರು ಹಾಕಿಯೇ ಬರೆಯುತ್ತೇನೆ ಎಂದೆ. ಕಾಕು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೆಟ್ಟಗೆ ನೋಡಿದರು. 'ಅವರು ಬೆರಳ ಹಚ್ಚಿ ಹುಡುಕೋ ಮುಂದ ಬರೀಲಿಲ್ಲ ನೀ. ಈಗ ಯಾರಿಗೆ ತೋರಸಾಕ ಬರೀತಿ? ಬ್ಯಾಡ. ಯಾರ ಬರದ್ರೂ ಬರೀಲಿ, ನೀ ಮಾತ್ರ ಬರೀಬ್ಯಾಡ.'

ಮೊನ್ನೆ ನಾನು ಬಣ್ಣದ ಕೈಯಲ್ಲೇ ಕುಳಿತಿದ್ದಾಗ ಹೆಡ್‌ಮಾಸ್ತರು ಗ್ಯಾದರಿಂಗಿನ ಕರಪತ್ರದ ಕರಡು ತಂದರು. ಕೋಲಾಟ ಎಂದಿದ್ದಲ್ಲಿ ಒಬ್ಬ ಹುಡುಗಿಯ ಹೆಸರು, ಮತ್ತು ಸಂಗಡಿಗರು. ಅಡಿಯಲ್ಲಿ ನಿರ್ದೇಶನ ಎಂದು ನನ್ನ ಹೆಸರು, ನನ್ನ ಡಿಗ್ರಿ. ನಾನು ನನ್ನ ಹೆಸರಿಗೆ ಗೀಟು ಹಾಕಿ ಹದಿನಾಲ್ಕು ಹುಡುಗಿಯರ ಹೆಸರೂ ತುಂಬಿಸಿದೆ. ಕಾಗದಕ್ಕೆಲ್ಲ ಸಫೇದಾ ಹತ್ತಿತು.

'ಇಷ್ಟೆಲ್ಲಾ ಯಾರ ಓದತಾರ್ರಿ ಮೇಡಂ?' ಎಂದರು ಅವರು.

'ಓದಾಕ ಬರದವರೂ ಹುಡುಕತಾರ್ರಿ, ಸರ್' ಎಂದೆ.

ಇದರಿಂದ ಕಾಕಾಗೆ ಆಗಬೇಕಾದದ್ದೇನೂ ಇಲ್ಲ. ಅವರ ಹೆಸರು ಬರೀ ಮೂರು ಅಕ್ಷರದ್ದು. ಆ ಚೌಕಟ್ಟಿನಲ್ಲಿ ಅದಕ್ಕೆ ಬೇಕಾದಷ್ಟು ಜಾಗವಿತ್ತು, ಈ ಪುಟದಲ್ಲೂ ಇದೆ. ಆದರೆ ಕಾಕು ಬ್ಯಾಡಗಿಯಲ್ಲಿ ಇನ್ನೂ ಇದ್ದಾರೆ. ಬರೀಬ್ಯಾಡ ಎಂದ ಮಾತನ್ನು ಅವರು ಇಂದಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.